ಕಾಫಿ ತೋಟದ ಯಜಮಾನನ ಕೊಲೆ, ಮಕ್ಕಳ ಆಸ್ತಿ ಜಗಳ: ಈ ಟಿವಿ ಕಥೆಯಲ್ಲಿ ವಿಲ್ ನಿಲ್ಲುತ್ತದಾ?

ಕಂತುಬರಹ:
13 ಕಂತಿನ ಪತ್ತೇದಾರಿ ಕಥೆ ಬರೀತಿದೀನಿ, ಕಂತಿಗೆ 22 ನಿಮಿಷ. ಚಿಕ್ಕಮಗಳೂರು ಕಡೆ 320 ಎಕರೆ ಕಾಫಿ ತೋಟ, ಅಜ್ಜ (ಯಜಮಾನನ ಅಪ್ಪ) ಸ್ವಂತ ದುಡ್ಡಲ್ಲಿ ಮಾಡಿದ್ದು. ಯಜಮಾನನಿಗೆ 78. ಮೊದಲ ಹೆಂಡತಿ ತೀರಿಕೊಂಡ ಮೇಲೆ 70ನೇ ವಯಸ್ಸಲ್ಲಿ ಎರಡನೇ ಮದುವೆ. ಮೊದಲ ಹೆಂಡತಿಯ ಮಕ್ಕಳು ಮೂವರು: ತೋಟ ನೋಡಿಕೊಳ್ಳುವ ದೊಡ್ಡ ಮಗ, 1990ರಲ್ಲಿ ಮದುವೆಯಾಗಿ ಮೈಸೂರಲ್ಲಿರುವ ಮಗಳು, ಬೆಂಗಳೂರಲ್ಲಿ ಸಾಲದಲ್ಲಿ ಮುಳುಗಿರುವ ಚಿಕ್ಕ ಮಗ.

2012ರ ರಿಜಿಸ್ಟರ್ಡ್ ವಿಲ್‌ನಲ್ಲಿ ಎಲ್ಲವೂ ದೊಡ್ಡ ಮಗನಿಗೆ. ಈಗ ಎಲ್ಲವನ್ನೂ ಎರಡನೇ ಹೆಂಡತಿಗೆ ಬರೆಯೋ ಹೊಸ ವಿಲ್‌ಗೆ ಸೋಮವಾರ ಸಹಿ ಆಗಬೇಕು. ಜುಲೈ ತಿಂಗಳ ಭಾನುವಾರ ರಾತ್ರಿ, ಜೋರು ಮಳೆ, ಕರೆಂಟ್ ಇಲ್ಲ. ಕಣದಲ್ಲಿ ಒಣಗಲು ಹಾಕಿದ ಕಾಫಿ ರಾಶಿ ಪಕ್ಕ ಯಜಮಾನನ ಹೆಣ. ಮಾರನೇ ದಿನ ವಿಷ ಅಂತ ರಿಪೋರ್ಟ್. ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ ವಕೀಲರು ವಿಲ್ ಓದ್ತಾರೆ. ಆಮೇಲಿನ ತಿರುವುಗಳು: ಎರಡನೇ ಮದುವೆಯಿಂದ ಹಳೇ ವಿಲ್ ರದ್ದು. ಅಷ್ಟರಲ್ಲಿ ಕೈಬರಹದ ಇನ್ನೊಂದು ವಿಲ್ ಸಿಗುತ್ತೆ, ಸಾಕ್ಷಿ ಹಾಕಿದ ಅಡುಗೆಯವನಿಗೇ ಅದರಲ್ಲಿ 10 ಲಕ್ಷ ಇರೋದರಿಂದ ಅವನ ಪಾಲು ಹೋಗುತ್ತೆ. ಷೇರು, ಎಫ್‌ಡಿಗೆ ಚಿಕ್ಕ ಮಗ ನಾಮಿನಿ, ಹಾಗಾಗಿ ಅಷ್ಟೂ ಅವನಿಗೆ. ಕೊನೆಗೆ ಕೊಲೆಗಾರ ಜೈಲಿಗೆ, ಅವನ ಪಾಲು ಅವನ ಹೆಂಡತಿಗೆ. ಎಲ್ಲಿ ಸಡಿಲ ಇದೆ ಹೇಳಿ.

ತೋಟದರೈಟರ್:
ಜುಲೈನಲ್ಲಿ ಕಣದಲ್ಲಿ ಕಾಫಿ ಎಲ್ಲಿಂದ ಬಂತು? ಅರೇಬಿಕಾ ಕೊಯ್ಲು ನವೆಂಬರಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಮಳೆಗಾಲದಲ್ಲಿ ಕಣ ಪಾಚಿ ಹಿಡಿದು ಖಾಲಿ ಬಿದ್ದಿರುತ್ತೆ, ಪಲ್ಪರ್ ಹೌಸಿಗೆ (ಹಣ್ಣಿನ ಸಿಪ್ಪೆ ಸುಲಿಯೋ ಯಂತ್ರದ ಮನೆ) ಬೀಗ. ಡಿಸೆಂಬರಿಗೆ ತಂದರೆ ರಾಶಿ, ಪಲ್ಪರ್ ಸದ್ದು, ಲೈನ್ ಮನೆ ತುಂಬ ಆಳು ಎಲ್ಲ ಸಿಗುತ್ತೆ, ಆದ್ರೆ ಸಾಕ್ಷಿಗಳೂ ನೂರು ಜನ. ಜುಲೈಯೇ ಬೇಕು ಅಂದ್ರೆ ಹೆಣವನ್ನ ಖಾಲಿ ಪಲ್ಪರ್ ಹೌಸ್ ಒಳಗೆ ಹಾಕಿ. ಬೀಗದ ಕೀ ಯಾರ ಹತ್ರ ಇತ್ತು ಅನ್ನೋದೇ ಒಂದು ಕಂತು ಆಗುತ್ತೆ.

ವಕೀಲಗಿರಿ:
ಒಂದೊಂದಾಗಿ ಹೇಳ್ತೀನಿ.

ಮದುವೆಯಿಂದ ವಿಲ್ ರದ್ದಾಗೋದು ಇಂಗ್ಲೆಂಡಿನ ಕಾನೂನು, ಅಲ್ಲಿನ ಟಿವಿ ಕಥೆಗಳಲ್ಲಿ ನೋಡಿ ನಮ್ಮವರು ಎತ್ತಿಕೊಂಡಿದ್ದಾರೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 57ನೇ ಕಲಮಿನಲ್ಲೇ ಹಿಂದೂಗಳ ವಿಲ್ ಮದುವೆಯಿಂದ ರದ್ದಾಗಲ್ಲ ಅಂತ ಸ್ಪಷ್ಟವಾಗಿದೆ. ಕ್ರಿಶ್ಚಿಯನ್ ಮನೆತನದ ಕಥೆಯಾದರೆ ನಿಮ್ಮ ತಿರುವು ನಡೆಯುತ್ತೆ.

ಅಡುಗೆಯವನದ್ದೂ ಅದೇ ಕಥೆ. ಸಾಕ್ಷಿ ಹಾಕಿದವನಿಗೆ ಕೊಟ್ಟದ್ದು ಅಸಿಂಧು ಅನ್ನೋ 67ನೇ ಕಲಮು ಹಿಂದೂಗಳ ವಿಲ್‌ಗೆ ಅನ್ವಯಿಸಲ್ಲ. ಹಿಂದೂಗಳ ವಿಲ್‌ಗೆ ಯಾವ ಕಲಮು ಅನ್ವಯ ಅಂತ ಹೇಳೋ ಕಾಯ್ದೆಯ 3ನೇ ಅನುಸೂಚಿಯ ಪಟ್ಟಿಯಲ್ಲಿ ಅದು ಇಲ್ಲ. ಅವನಿಗೆ 10 ಲಕ್ಷ ಸಿಗುತ್ತೆ, ಕೋರ್ಟಿಗೆ ಅನುಮಾನ ಬರುತ್ತೆ, ಅಷ್ಟೇ.

ಇನ್ನು ಹಾಲ್‌ನಲ್ಲಿ ವಿಲ್ ಓದುವ ಶಾಸ್ತ್ರ ನಮ್ಮ ಕಾನೂನಲ್ಲೇ ಇಲ್ಲ. ಕರ್ನಾಟಕದ ಹಿಂದೂಗಳ ವಿಲ್‌ಗೆ ಪ್ರೊಬೇಟ್ (ವಿಲ್ ಅಸಲಿ ಅಂತ ಕೋರ್ಟ್ ಕೊಡೋ ದೃಢೀಕರಣ) ಕೂಡ ಕಡ್ಡಾಯ ಅಲ್ಲ. ಸಾಮಾನ್ಯವಾಗಿ ವಿಲ್ ಹೊರಗೆ ಬರೋದು ಯಾರೋ ಖಾತೆ ಬದಲಾವಣೆಗೆ ಅರ್ಜಿ ಹಾಕಿದಾಗ, ಇಲ್ಲ ಪಾಲಿನ ದಾವೆಗೆ ಉತ್ತರ ಕೊಡುವಾಗ. ನಾಡಕಚೇರಿಯಿಂದ ಬಂದ ನೋಟಿಸು ಕೈಗೆ ಸಿಕ್ಕಾಗ ಮಗಳಿಗೆ ವಿಷಯ ಗೊತ್ತಾಗೋದು ಹಾಲ್‌ಗಿಂತ ಎಷ್ಟೋ ಪಾಲು ಬಿಸಿಯಾದ ದೃಶ್ಯ.

ಸಂಜೆಸೀರಿಯಲ್:
ಇಷ್ಟು ಕಾನೂನು ಯಾರು ನೋಡ್ತಾರೆ? ವೀಕ್ಷಕರಿಗೆ ಹಾಲ್, ಸೋಫಾ, ಎಲ್ಲರ ಮುಖದ ಕ್ಲೋಸಪ್ ಬೇಕು.

ವಕೀಲಗಿರಿ:
@ಸಂಜೆಸೀರಿಯಲ್ ಕ್ಲೋಸಪ್ ಇರಲಿ. ಆದ್ರೆ ನಮ್ಮಲ್ಲಿ ಪ್ರತಿ ಎರಡನೇ ಮನೆಯಲ್ಲಿ ಪಾಲಿನ ಮಾತು ನಡೆದಿರುತ್ತೆ. ಪಹಣಿ, ಪೌತಿ ಖಾತೆ, ಪಾಲುಪಟ್ಟಿ ಅಂದ್ರೆ ಏನು ಅಂತ ನಮ್ಮ ಅಜ್ಜಿಯರಿಗೆ ಗೊತ್ತು. ಅವರ ಮುಂದೆ ತಪ್ಪು ಕಾನೂನು ಇಟ್ರೆ ಚಾನೆಲ್ ಬದಲಿಸ್ತಾರೆ.

ಶವಾಗಾರ101:
ಮಾರನೇ ದಿನ ವಿಷದ ರಿಪೋರ್ಟ್ ಬರಲ್ಲ. ಕ್ರಮ ಹೀಗೆ: ಅನುಮಾನದ ಸಾವು ಅಂದ ಕೂಡಲೇ ಠಾಣೆಯಲ್ಲಿ ಯುಡಿಆರ್, ಅಂದ್ರೆ ಅಸಹಜ ಸಾವಿನ ವರದಿ. 2024ರ ಜುಲೈ 1ರಿಂದ ಅದು ಬಿಎನ್‌ಎಸ್‌ಎಸ್ (ಹೊಸ ದಂಡ ಪ್ರಕ್ರಿಯಾ ಕಾನೂನು) 194, ಕೊಲೆ ಅಂತಾದ ಮೇಲೆ ಬಿಎನ್‌ಎಸ್ (ಹೊಸ ದಂಡ ಸಂಹಿತೆ) 103. ನಿಮ್ಮ ಇನ್‌ಸ್ಪೆಕ್ಟರ್ ಬಾಯಲ್ಲಿ ಹಳೇ ಕಾನೂನಿನ 174, 302 ಬರಬಾರದು. ಶವ ಪಂಚನಾಮೆ ಆಗಿ ಪೋಸ್ಟ್‌ಮಾರ್ಟಂ. 2021ರ ನವೆಂಬರಿಂದ ಸೌಲಭ್ಯ ಇರುವ ಆಸ್ಪತ್ರೆಗಳಲ್ಲಿ ರಾತ್ರಿಯೂ ಮಾಡಬಹುದು, ಆದ್ರೆ ಕೊಲೆಯ ಅನುಮಾನ ಇದ್ದರೆ ಸಾಮಾನ್ಯವಾಗಿ ಬೆಳಗಾಗೋವರೆಗೆ ಕಾಯಲೇಬೇಕು.

ವಿಸೆರಾ, ಅಂದ್ರೆ ವಿಷ ಪರೀಕ್ಷೆಗೆ ತೆಗೆಯೋ ಒಳಾಂಗಗಳ ಮಾದರಿ, ಒಂದು ಬಾಟಲಿ ಅಲ್ಲ. ಜಠರ ಅದರೊಳಗಿನ ಅಂಶದ ಸಮೇತ, ಸಣ್ಣ ಕರುಳಿನ ಮೇಲ್ಭಾಗ ಸುಮಾರು 30 ಸೆಂಟಿಮೀಟರ್, ಯಕೃತ್ತು ಸುಮಾರು 500 ಗ್ರಾಂ, ಎರಡೂ ಕಿಡ್ನಿಯಿಂದ ಅರ್ಧರ್ಧ. ಗಾಜಿನ ಜಾಡಿಗಳಲ್ಲಿ, ಸ್ಯಾಚುರೇಟೆಡ್ ಉಪ್ಪು ನೀರಲ್ಲಿ, ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತುಂಬಿಸದೆ. ರಕ್ತ ಬೇರೆ, ಸೋಡಿಯಂ ಫ್ಲೋರೈಡ್ ಹಾಕಿ. ಬಳಸಿದ ಉಪ್ಪು ನೀರಿನ ಮಾದರಿಯೂ ಬೇರೆ ಜಾಡಿಯಲ್ಲಿ ಹೋಗಬೇಕು, ಇಲ್ಲದಿದ್ದರೆ ವಿಷ ಉಪ್ಪು ನೀರಲ್ಲೇ ಇತ್ತೇನೋ ಅಂತ ಎದುರು ವಕೀಲ ಕೇಳ್ತಾನೆ. ಎಲ್ಲಕ್ಕೂ ಅರಗಿನ ಮುದ್ರೆ. ಎಫ್‌ಎಸ್‌ಎಲ್‌ನಿಂದ (ವಿಧಿವಿಜ್ಞಾನ ಪ್ರಯೋಗಾಲಯ) ಉತ್ತರ ಬರೋಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು. ಅಲ್ಲಿವರೆಗೆ ಡಾಕ್ಟರ್ ಬರೆಯೋದು ‘ರಾಸಾಯನಿಕ ವರದಿ ಬಂದ ಮೇಲೆ ಅಭಿಪ್ರಾಯ’ ಅಂತ ಮಾತ್ರ. ಈ ಕಾಯುವ ಕಾಲ ನಿಮಗೆ ವರ. ಕೊಲೆ ಹೌದೋ ಅಲ್ವೋ ಗೊತ್ತಿಲ್ಲದೆ ಎಲ್ಲರೂ ಒಂದೇ ಮನೆಯಲ್ಲಿ ಊಟ ಮಾಡಬೇಕು.

ಹುಬ್ಳಿಮಂದಿ:
ಟಿವಿ ಒಳಗ ಡಾಕ್ಟರ್ ‘ರಾತ್ರಿ 11:40ಕ್ಕೆ ಪ್ರಾಣ ಹೋಗೇದ’ ಅಂತಾನಲ್ರಿ, ಅದು ಖರೇನ?

ಶವಾಗಾರ101:
ಇಲ್ಲ. ಕೊಡೋದು ಗಂಟೆಗಳ ಅಂತರ ಮಾತ್ರ. ಮೈ ಸೆಟೆಯೋದು ನಮ್ಮ ಹವೆಯಲ್ಲಿ ಒಂದೆರಡು ಗಂಟೆಗೆ ಶುರು, ಸುಮಾರು 12 ಗಂಟೆಗೆ ಪೂರ್ತಿ. ಬೇಸಿಗೆಯಲ್ಲಿ ಬೇಗ ಬಿಡುತ್ತೆ, ಚಳಿಯಲ್ಲಿ ನಿಧಾನ. ಕಲಬುರಗಿ ಮೇ ತಿಂಗಳ ಬಿಸಿಲಲ್ಲಿ ಹೆಣ ತಣ್ಣಗೇ ಆಗದೆ ಇರಬಹುದು, ಮಲೆನಾಡಿನ ಜುಲೈನಲ್ಲಿ ಬೇಗ ತಣ್ಣಗಾಗುತ್ತೆ. ರಕ್ತ ತಳಕ್ಕಿಳಿದು ಮೂಡುವ ಕಲೆ 6ರಿಂದ 12 ಗಂಟೆಯಲ್ಲಿ ಸ್ಥಿರ ಆಗುತ್ತೆ. ಕವುಚಿ ಬಿದ್ದ ಹೆಣದ ಬೆನ್ನ ಮೇಲೆ ಕಲೆ ಇದ್ದರೆ ಯಾರೋ ತಿರುಗಿಸಿದ್ದಾರೆ ಅಂತ ಅರ್ಥ. ನಿಮಿಷ ಹೇಳಿಸೋ ಬದಲು ಇದನ್ನ ತೋರಿಸಿ.

ಮಲ್ನಾಡ್‌ಮಳೆ:
ಹೆಣ ಸುಟ್ಟುಬಿಟ್ರೆ?

ಶವಾಗಾರ101:
ಪೋಸ್ಟ್‌ಮಾರ್ಟಂ ಮುಂಚೆಯೇ ಸುಟ್ಟರೆ ಬಹುಪಾಲು ಸಾಕ್ಷ್ಯ ಹೋಯ್ತು. ಲಿಂಗಾಯತ ಮನೆತನವಾಗಿ ತೋಟದಲ್ಲೇ ಸಮಾಧಿ ಮಾಡಿದ್ದರೆ ಮ್ಯಾಜಿಸ್ಟ್ರೇಟ್ ಅಧಿಕಾರದಲ್ಲಿ ಹೊರತೆಗೆಯಬಹುದು. ಆಗ ಹೆಣದ ಮೇಲಿನ, ಕೆಳಗಿನ, ಪಕ್ಕದ ಮಣ್ಣಿನ ಮಾದರಿಯನ್ನೂ ತಗೋಬೇಕು. ಮಣ್ಣಲ್ಲೇ ಆರ್ಸೆನಿಕ್ ಇರಬಹುದಲ್ಲ. ಕಾಫಿ ತೋಟ ಅಂದ ಮೇಲೆ ಸಿಂಪಡಣೆ ಔಷಧದ ಪ್ರಶ್ನೆ ಬಂದೇ ಬರುತ್ತೆ.

ಷೇರುಶಾಮಣ್ಣ:
ನಾಮಿನಿ ವಿಷಯ ಯಾರೂ ಮುಟ್ಟಲಿಲ್ಲ. ನಾಮಿನಿ ಮಾಲೀಕ ಅಲ್ಲ, ವಾರಸುದಾರರ ಪರವಾಗಿ ಹಣ ಪಡೆಯೋನು. ವಿಮೆ ವಿಷಯದಲ್ಲಿ 1983ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರಲ್ಲಿ ಖಚಿತ ಮಾಡಿತು. 2015ರ ತಿದ್ದುಪಡಿ ಆದಮೇಲೆ ವಿಮೆಯಲ್ಲಿ ತಂದೆತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದ್ದೇ. ಹಾಗಾಗಿ ಕಥೆಗೆ ಒಂದು ಎಲ್ಐಸಿ ಪಾಲಿಸಿಯನ್ನೂ ಸೇರಿಸಿ, ಅದಕ್ಕೂ ಚಿಕ್ಕ ಮಗನೇ ನಾಮಿನಿ ಆಗಿರಲಿ: ಪಾಲಿಸಿ ಅವನಿಗೆ ಹೋಗುತ್ತೆ, ಷೇರು ವಾರಸುದಾರರಿಗೆ ಹೋಗುತ್ತೆ. ಸಾಲಗಾರ ಮಗ ಎರಡೂ ತನ್ನದೇ ಅಂದುಕೊಂಡು ಬಡ್ಡಿಯವನಿಗೆ ಮಾತು ಕೊಟ್ಟಿರಲಿ.

ವಕೀಲಗಿರಿ:
ಈಗ ಮುಖ್ಯ ವಿಷಯ. ನಿಮ್ಮ ಇಡೀ ಕಥೆ ನಿಂತಿರೋದು ನೀವು ಬರೆಯದೇ ಬಿಟ್ಟ ಒಂದು ದಿನಾಂಕದ ಮೇಲೆ: ಅಜ್ಜ ಸತ್ತದ್ದು ಯಾವಾಗ?

ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1956ರ ಜೂನ್ 17. ಅದಕ್ಕೆ ಮುಂಚೆ ಅಜ್ಜ ಸತ್ತಿದ್ದರೆ ತೋಟ ಯಜಮಾನನ ಕೈಗೆ ಬಂದದ್ದು ಪಿತ್ರಾರ್ಜಿತವಾಗಿ, ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. 2005ರ ತಿದ್ದುಪಡಿ ಮತ್ತು 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಮಗಳಿಗೂ ಸಮಪಾಲು. ಆಮೇಲೆ ಸತ್ತಿದ್ದರೆ 8ನೇ ಕಲಮಿನಡಿ ಅದು ಯಜಮಾನನ ಸ್ವಂತ ಆಸ್ತಿ, ಯಾರಿಗೆ ಬೇಕಾದರೂ ಬರೆಯಬಹುದು.

ಲೆಕ್ಕ ನೋಡಿ. ಅಜ್ಜ 1954ರಲ್ಲಿ ಸತ್ತಿದ್ದರೆ: ಅಪ್ಪ ಮತ್ತು ಮೂರು ಮಕ್ಕಳಿಗೆ ತಲಾ 80 ಎಕರೆ. ವಿಲ್ ಮುಟ್ಟೋದು ಅಪ್ಪನ 80ನ್ನ ಮಾತ್ರ. 2012ರ ವಿಲ್ ನಿಂತರೆ ದೊಡ್ಡವನಿಗೆ 160, ಉಳಿದಿಬ್ಬರಿಗೆ 80, 80, ಹೆಂಡತಿಗೆ ಸೊನ್ನೆ. ವಿಲ್ ಇಲ್ಲದಿದ್ದರೆ ಅಪ್ಪನ 80 ನಾಲ್ಕು ಭಾಗ, ಮಕ್ಕಳಿಗೆ ತಲಾ 100, ಹೆಂಡತಿಗೆ 20.
ಅಜ್ಜ 1958ರಲ್ಲಿ ಸತ್ತಿದ್ದರೆ: 2012ರ ವಿಲ್ ನಿಂತರೆ ದೊಡ್ಡವನಿಗೆ ಪೂರ್ತಿ 320. ವಿಲ್ ಇಲ್ಲದಿದ್ದರೆ ನಾಲ್ವರಿಗೂ ತಲಾ 80.

ಮಗಳು ತನಗೆ 80 ಎಕರೆ ಗ್ಯಾರಂಟಿ ಅಂದುಕೊಂಡು ಮೂರು ಕಂತು ಓಡಾಡಲಿ. ನಾಲ್ಕನೇ ಕಂತಲ್ಲಿ ಅಜ್ಜನ ಸಮಾಧಿ ಕಲ್ಲು ತೊಳೆಯುವಾಗ ಇಸವಿ ಕಾಣಲಿ.

ಕಂತುಬರಹ:
ಈ ಇಸವಿ ವಿಷಯ ಅದ್ಭುತ. ಆದ್ರೆ ಇಷ್ಟು ಭಿನ್ನರಾಶಿಯನ್ನ ತೆರೆ ಮೇಲೆ ಹೇಗೆ ಹೇಳೋದು?

ಎಡಿಟ್‌ಮೇಜು:
ಹೇಳಬೇಡಿ, ಇಡಿ. ಜಗಲಿ ಮೇಲೆ 16 ಅಡಿಕೆ, ಒಂದೊಂದೂ 20 ಎಕರೆ. ಅಜ್ಜಿ ಪಾತ್ರ ಒಂದು ಇದ್ದರೆ ಅವಳೇ ಹಂಚಲಿ: ನಾಲ್ಕು, ನಾಲ್ಕು, ನಾಲ್ಕು, ಅಪ್ಪಂದು ನಾಲ್ಕು. ಅಪ್ಪನ ನಾಲ್ಕನ್ನ ಒಂದೊಂದಾಗಿ ಎಲ್ಲರ ಮುಂದೆ ಸರಿಸಿದಾಗ ಎರಡನೇ ಹೆಂಡತಿ ಮುಂದೆ ಒಂದೇ ಅಡಿಕೆ. 40 ಸೆಕೆಂಡಲ್ಲಿ ಮುಗಿಯುತ್ತೆ. ಇಸವಿ ಬದಲಾದ ಕಂತಲ್ಲಿ ಅದೇ ಜಾಗ, ಅದೇ 16 ಅಡಿಕೆ, ಹಂಚಿಕೆ ಬೇರೆ.

ಸಮಾಧಿ ಕಲ್ಲನ್ನ ನಾಲ್ಕನೇ ಕಂತಲ್ಲಿ ಮೊದಲ ಸಲ ತೋರಿಸಿದರೆ ಮೋಸ. ಎರಡನೇ ಕಂತಿನ ಪೂಜೆ ದೃಶ್ಯದಲ್ಲೇ ಅದು ಫ್ರೇಮಲ್ಲಿ ಇರಬೇಕು, ಅರ್ಧ ಹೂವಿನಿಂದ ಮುಚ್ಚಿ, ಬೇರೆ ಯಾವುದೋ ಮಾತು ನಡೀತಿರಬೇಕು. ಶಂಕಿತರು ಆರಕ್ಕಿಂತ ಹೆಚ್ಚು ಬೇಡ. ಸುಳ್ಳು ಸುಳಿವುಗಳೆಲ್ಲ ಹತ್ತನೇ ಕಂತಿನೊಳಗೆ ಬಗೆಹರಿಯಬೇಕು, ಇಲ್ಲದಿದ್ದರೆ ಕೊನೆ ಕಂತು ವಿವರಣೆಯಲ್ಲೇ ಸಾಯುತ್ತೆ.

ಕುಡ್ಲದಭಟ್ರು:
ಮಾರಾಯ್ರೆ, ಕಥೆಯನ್ನ ದಕ್ಷಿಣ ಕನ್ನಡಕ್ಕೆ ತನ್ನಿ. ಅಳಿಯಸಂತಾನದ ದೊಡ್ಡ ಬಂಟ ಮನೆ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯೋದು, ಯಜಮಾನಿಕೆ ಮಾವನಿಂದ ಅಳಿಯನಿಗೆ, ಅಂದ್ರೆ ಅಕ್ಕತಂಗಿಯ ಮಗನಿಗೆ. 1956ರ ಕಾಯ್ದೆ ಬಂದ ಮೇಲೆ ಕುಟುಂಬದ ಆಸ್ತಿಯಲ್ಲಿ ಸತ್ತವನ ಪಾಲು ಅವನ ಸ್ವಂತ ಹೆಂಡತಿ ಮಕ್ಕಳಿಗೆ. ಅಕ್ಕನ ಮಕ್ಕಳು ಒಂದು ಕಡೆ, ಮಾವನ ಮಕ್ಕಳು ಇನ್ನೊಂದು ಕಡೆ. ಇದಕ್ಕಿಂತ ಬೇರೆ ಜಗಳ ಬೇಕಾ?

ವಕೀಲಗಿರಿ:
ಅದು ಇನ್ನೊಂದು ಧಾರಾವಾಹಿ, ಇಲ್ಲಿ ತುರುಕಿದರೆ ಎರಡೂ ಕೆಡುತ್ತವೆ. ಮುಸ್ಲಿಂ ಮನೆತನವಾದರೆ ಮತ್ತೆ ಬೇರೆ: ಬೇರೆ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದಕ್ಕಿಂತ ಹೆಚ್ಚು ವಿಲ್ ಮಾಡಕ್ಕಾಗಲ್ಲ.

ಹುಬ್ಳಿಮಂದಿ:
ಕೊಲೆಗಾರನ ಹೆಂಡತಿಗೆ ಪಾಲು ಅಂತ ಬರದೀರಲ್ರಿ, ಅದೂ ನಡಿಯೂದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ 25ನೇ ಕಲಮು: ಕೊಂದಾಂವಗ ಸತ್ತಾತನ ಆಸ್ತಿ ಸಿಗೂದಿಲ್ಲ. ಅದಕ್ಕೂ ಮೊದಲ, 1924ರಾಗ, ಕೆಂಚವ್ವ ಗಿರಿಮಲ್ಲಪ್ಪ ಕೇಸಿನ್ಯಾಗ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಾಗ ಲಂಡನ್ನಿನ್ಯಾಗಿದ್ದ ಮೇಲಿನ ಕೋರ್ಟು) ಹೇಳಿತ್ತು: ಕೊಲೆಗಾರ ಇಲ್ಲವೇ ಇಲ್ಲ ಅಂತ ತಿಳೀರಿ, ಅವನಿಂದ ಹೊಸಾ ವಂಶ ಶುರು ಆಗೂದಿಲ್ಲ. ಬಾಂಬೆ ಹೈಕೋರ್ಟಿನಿಂದ ಹೋದ ಕೇಸು, ಹೆಸರು ಮಾತ್ರ ಅಪ್ಪಟ ನಮ್ಮ ಕಡೀವು. 2005ರಾಗ ಸುಪ್ರೀಂ ಕೋರ್ಟೂ ಅಪ್ಪನ್ನ ಕೊಂದ ಮಗನ ಹೆಂಡತಿಗೆ ಅವನ ಮೂಲಕ ಹಕ್ಕಿಲ್ಲ ಅಂತ.

ಅಕ್ಷರಪತ್ತೆ:
ಖೋಟಾ ದಾಖಲೆ ಒಂದು ಬೇಕೇ ಬೇಕು ಈ ಕಥೆಗೆ. ಶಾಯಿಯ ವಯಸ್ಸು ಹೇಳೋದನ್ನ ಟಿವಿ ತುಂಬ ಸುಲಭ ಮಾಡಿದೆ, ಅದರ ಮೇಲೆ ಕಥೆ ನಿಲ್ಲಿಸಬೇಡಿ. ಕಾಗದದ ಮೇಲಿನ ಕಾಲದ ಗುರುತುಗಳು ಎಷ್ಟೋ ಗಟ್ಟಿ.

₹ ಚಿಹ್ನೆ ಒಪ್ಪಿದ್ದು 2010ರ ಜುಲೈ 15. 2008ರ ದಾಖಲೆಯಲ್ಲಿ ಅದಿದ್ದರೆ ಮುಗೀತು. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15. ನಮ್ಮ ರಾಜ್ಯ ಕರ್ನಾಟಕ ಆದದ್ದು 1973ರ ನವೆಂಬರ್ 1, ಅದಕ್ಕೆ ಮುಂಚೆ ಮೈಸೂರು ರಾಜ್ಯ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಚಿಕ್‌ಮಗಳೂರ್ ಹೋಗಿ ಚಿಕ್ಕಮಗಳೂರು ಬಂದದ್ದು 2014ರ ನವೆಂಬರ್ 1, ಅದೇ ದಿನ ಬೆಂಗಳೂರು, ಮೈಸೂರು ಸೇರಿ ಒಟ್ಟು 12 ಊರು. 1998ರ ಪಾಲುಪಟ್ಟಿಯ ರಬ್ಬರ್ ಸ್ಟಾಂಪಲ್ಲಿ ಹೊಸ ಸ್ಪೆಲ್ಲಿಂಗ್ ಇದ್ದರೆ ನಿಮ್ಮ ಪತ್ತೇದಾರನಿಗೆ ಭೂತಗನ್ನಡಿಯೂ ಬೇಡ. ಪಾಕಿಸ್ತಾನದಲ್ಲಿ 2017ರಲ್ಲಿ ಇದೇ ಆಯ್ತು: 2006ರ ತಾರೀಖಿನ ದಾಖಲೆ ಕ್ಯಾಲಿಬ್ರಿ ಫಾಂಟಲ್ಲಿ, ಆ ಫಾಂಟ್ ಮಾರುಕಟ್ಟೆಗೆ ಬಂದದ್ದು 2007ರಲ್ಲಿ.

ವಕೀಲಗಿರಿ:
@ಅಕ್ಷರಪತ್ತೆ 1998ರ ಪಾಲುಪಟ್ಟಿ ಯಾಕೆ ಸೃಷ್ಟಿಸಬೇಕು ಅನ್ನೋದಕ್ಕೂ ಕಾರಣ ಇದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ವಿಭಾಗ ಆಗಿಹೋಗಿದ್ದರೆ ಮಗಳ 2005ರ ಹಕ್ಕು ತಾಗಲ್ಲ. ಆದ್ರೆ ಆ ವಿಭಾಗ ರಿಜಿಸ್ಟರ್ ಆಗಿರಬೇಕು ಇಲ್ಲ ಕೋರ್ಟ್ ಡಿಕ್ರಿ ಇರಬೇಕು. ಊರ ಪಂಚಾಯ್ತಿಯಲ್ಲಿ ಬರೆದ ಕಾಗದ ಸಾಲದು. ಅಂದ್ರೆ ಕಷ್ಟಪಟ್ಟು ಮಾಡಿದ ಖೋಟಾ ಅಸಲಿಯಾಗಿದ್ದರೂ ಪ್ರಯೋಜನಕ್ಕೆ ಬರ್ತಿರಲಿಲ್ಲ. ಕರ್ನಾಟಕ ಮಗಳಿಗೆ 1994ರಲ್ಲೇ ಹಕ್ಕು ಕೊಟ್ಟಿತ್ತು, ಆದ್ರೆ ಆಗ ಮದುವೆಯಾಗದವರಿಗೆ ಮಾತ್ರ. ನಿಮ್ಮ ಮಗಳು 1990ರಲ್ಲೇ ಮದುವೆಯಾದವಳು, ಆ ಹೊಟ್ಟೆಕಿಚ್ಚೂ ಮಾತಲ್ಲಿ ಬರಲಿ.

ಸಂಜೆಸೀರಿಯಲ್:
ಸರಿ, ಒಪ್ಪಿದೆ. ಆದ್ರೆ ಭಾನುವಾರ ರಾತ್ರಿ ಸತ್ತರೆ ಲಾಭ ಯಾರಿಗೆ? ದೊಡ್ಡ ಮಗನಿಗೆ ಮಾತ್ರ. ಮೊದಲ ಕಂತಲ್ಲೇ ಎಲ್ಲರಿಗೂ ಗೊತ್ತಾಗುತ್ತೆ.

ಎಡಿಟ್‌ಮೇಜು:
ಇದು ಈ ಚರ್ಚೆಯ ಅತ್ಯಂತ ಒಳ್ಳೇ ಪ್ರಶ್ನೆ.

ವಕೀಲಗಿರಿ:
ಹೌದು. ಉತ್ತರ 2012ರ ವಿಲ್ ಸಾಕ್ಷಿಗಳಲ್ಲಿದೆ. ವಿಲ್‌ಗೆ ಇಬ್ಬರು ಸಾಕ್ಷಿ ಬೇಕು, ಅದು 1925ರ ಕಾಯ್ದೆಯ 63ನೇ ಕಲಮು. ಸಾಕ್ಷ್ಯ ಕಾನೂನಿನ ಪ್ರಕಾರ ಕೋರ್ಟಲ್ಲಿ ವಿಲ್ ರುಜುವಾತು ಮಾಡೋಕೆ ಅವರಲ್ಲಿ ಒಬ್ಬನನ್ನಾದರೂ ಕರೆಸಬೇಕು. ರಿಜಿಸ್ಟರ್ ಆಗಿದ್ದರೂ ಕರೆಸಲೇಬೇಕು, ಬಹಳ ಜನಕ್ಕೆ ಇದು ಗೊತ್ತಿಲ್ಲ. ಈಗ ಇಬ್ಬರೂ ಸಾಕ್ಷಿಗಳು ಸತ್ತುಹೋಗಿದ್ದಾರೆ ಅಂತಿಟ್ಕೊಳ್ಳಿ. ಚಿಕ್ಕ ಮಗ ಅದನ್ನ ಪತ್ತೆ ಮಾಡಿದ್ದಾನೆ. ಅವನ ಲೆಕ್ಕ: ಹಳೇ ವಿಲ್ ಬಿತ್ತು, ಹೊಸದಕ್ಕೆ ಸಹಿ ಆಗಬಾರದು, ಅಪ್ಪ ಭಾನುವಾರವೇ ಸತ್ತರೆ ವಿಲ್ಲೇ ಇಲ್ಲದ ಹಾಗೆ, ತನಗೆ 80 ಇಲ್ಲ 100 ಎಕರೆ.

ಅವನಿಗೆ ಗೊತ್ತಿಲ್ಲದ್ದು ಅದೇ ಸಾಕ್ಷ್ಯ ಕಾನೂನಿನ ಮುಂದಿನ ಕಲಮು. ಸಾಕ್ಷಿಗಳು ಯಾರೂ ಸಿಗದಿದ್ದರೆ, ಒಬ್ಬ ಸಾಕ್ಷಿಯ ಸಹಿ ಅವನದೇ ಕೈಬರಹ, ವಿಲ್ ಬರೆದವನ ಸಹಿಯೂ ಅವನದೇ ಅಂತ ತೋರಿಸಿ ವಿಲ್ ಸಾಬೀತು ಮಾಡಬಹುದು. ಅಜ್ಜ ಸತ್ತದ್ದು 1958 ಆದರೆ ದೊಡ್ಡಣ್ಣನಿಗೆ 320, ಕೊಂದವನಿಗೆ ಏನೂ ಇಲ್ಲ.

ಮಲ್ನಾಡ್‌ಮಳೆ:
ಸತ್ತ ಸಾಕ್ಷಿ ತೋಟದ ಹಳೇ ರೈಟರ್ (ಲೆಕ್ಕ ಬರೆಯೋನು) ಆಗಿದ್ರೆ?

ತೋಟದರೈಟರ್:
ಹಾಗಿದ್ರೆ ಅವನ ಸಹಿ ತೋಟದ ಆಫೀಸ್ ತುಂಬ ಇರುತ್ತೆ. ಚೆಕ್‌ರೋಲ್ ಪುಸ್ತಕ ಅಂದ್ರೆ ಆಳಿನ ಹೆಸರು, ದಿನದ ಹಾಜರಿ, ವಾರದ ಬಟವಾಡೆ, ಕೆಳಗೆ ರೈಟರ್ ಸಹಿ. ವಾರ ವಾರವೂ. ಉದ್ದ ಪುಸ್ತಕ, ಕೆಂಪು ಬಟ್ಟೆಯ ಬೈಂಡು, ಮಳೆಗಾಲಕ್ಕೆ ಹಾಳೆ ಅಂಟಿಕೊಂಡಿರುತ್ತೆ. ಚಿಕ್ಕ ಮಗ ಕಾನೂನು ತಡವಾಗಿ ತಿಳಿದು ಆ ಪುಸ್ತಕಗಳನ್ನ ಸುಡಲಿ. ಜುಲೈನಲ್ಲಿ ಹೊರಗೆ ಬೆಂಕಿ ಹತ್ತಲ್ಲ, ಬಚ್ಚಲ ಒಲೆಗೇ ಹಾಕಬೇಕು. ಹಂಡೆ ಕೆಳಗೆ ಅರ್ಧ ಸುಟ್ಟ ಬೈಂಡಿನ ಬಟ್ಟೆ ಉಳಿಯುತ್ತೆ.

ಎಡಿಟ್‌ಮೇಜು:
ಇದನ್ನೇ ಇಡಿ. ಮೂರನೇ ಕಂತಲ್ಲಿ ಕೆಲಸದವಳು ಬೂದಿ ತೆಗೆದು ಕೆಂಪು ಚಿಂದಿಯನ್ನ ಪಕ್ಕಕ್ಕೆ ಹಾಕಲಿ, ಕ್ಯಾಮೆರಾ ಅಲ್ಲಿ ನಿಲ್ಲದಿರಲಿ.

ಅಕ್ಷರಪತ್ತೆ:
ಸುಟ್ಟರೂ ಪ್ರಯೋಜನ ಇಲ್ಲ ಅನ್ನೋದನ್ನೂ ಸೇರಿಸಿ. ಕೈಬರಹ ತಜ್ಞರಿಗೆ ಬೇಕಾದ್ದು ಒಪ್ಪಿತ ಸಹಿಗಳು, 2012ರ ಆಸುಪಾಸಿನವು, ಜಗಳ ಶುರುವಾಗೋ ಮುಂಚೆ ಹಾಕಿದವು. ರೈಟರನ ಬ್ಯಾಂಕ್ ಅರ್ಜಿ, ಪಿಎಫ್ ಫಾರಂ ಎಲ್ಲ ಊರಾಚೆ ಇರುತ್ತವೆ.

ಕಂತುಬರಹ:
ಚಿಕ್ಕ ಮಗನೇ ಕೊಲೆಗಾರ, ಅಜ್ಜ 1958, ಚೆಕ್‌ರೋಲ್ ಬಚ್ಚಲ ಒಲೆಗೆ. ಹಾಲ್‌ನ ವಿಲ್ ಓದು ತೆಗೆದೆ. ಒಂದು ಉಳೀತು: ಅಡುಗೆಯವನ ಬಳಿ ಸಿಗೋ ಕೈಬರಹದ ವಿಲ್ ಇಟ್ಕೊಳ್ಳಲಾ, ಬೇಡವಾ?

ವಕೀಲಗಿರಿ:
ಅಡುಗೆಯವನ ಪೆಟ್ಟಿಗೆಯಿಂದ ತೆಗೆಯಬೇಡಿ, ಯಾರೂ ನಂಬಲ್ಲ. ಲಾಭ ಪಡೆಯೋನೇ ಮುಂದೆ ನಿಂತು ಮಾಡಿಸಿದ ವಿಲ್ ಅಂದ್ರೆ ಅನುಮಾನ ನಿವಾರಿಸೋ ಹೊಣೆ ಅವನದೇ ಅಂತ 1958ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ವೆಂಕಟಾಚಲ ಅಯ್ಯಂಗಾರ್ ಪ್ರಕರಣ, ನಮ್ಮ ಮೈಸೂರಿಂದಲೇ ಹೋದದ್ದು, ಆ ವಿಲ್ ಬಿದ್ದುಹೋಯ್ತು.

ಅದರ ಬದಲು ನೋಂದಣಿ ಕಾಯ್ದೆ 42ನೇ ಕಲಮು ಬಳಸಿ. ಯಜಮಾನ ಮುಚ್ಚಿದ ಲಕೋಟೆಯಲ್ಲಿ ವಿಲ್ ಇಟ್ಟು, ಮೇಲೆ ಹೆಸರು ಬರೆದು, ಜಿಲ್ಲಾ ನೋಂದಣಾಧಿಕಾರಿ ಬಳಿ ಠೇವಣಿ ಇಡಬಹುದು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಅಲ್ಲ. ಲಕೋಟೆ ಮೇಲಿನ ಬರಹವನ್ನ 5ನೇ ಪುಸ್ತಕದಲ್ಲಿ ದಾಖಲಿಸಿ, ಲಕೋಟೆಯನ್ನ ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಡ್ತಾರೆ. ಒಳಗೇನಿದೆ ಅಂತ ಅಧಿಕಾರಿಗೂ ಗೊತ್ತಿರಲ್ಲ. ಸತ್ತ ಮೇಲೆ ಯಾರಾದರೂ ಅರ್ಜಿ ಹಾಕಿದರೆ ಅರ್ಜಿದಾರನ ಎದುರೇ ಒಡೆದು, 3ನೇ ಪುಸ್ತಕಕ್ಕೆ ನಕಲು ಮಾಡಿ, ಅಸಲನ್ನ ವಾಪಸ್ ಅಲ್ಲೇ ಇಡ್ತಾರೆ.

ಎಡಿಟ್‌ಮೇಜು:
ಅರ್ಜಿ ಹಾಕೋದು ಮಗಳು. 11ನೇ ಕಂತು ಲಕೋಟೆ ಒಡೆಯೋ ಸದ್ದಿಗೆ ಕಟ್.

ವಕೀಲಗಿರಿ:
ಲಕೋಟೆಯೊಳಗಿನ ವಿಲ್ ತಾರೀಖು 2012ರ ನಂತರದ್ದಿರಲಿ. ಕೊನೆಯ ವಿಲ್ಲೇ ಊರ್ಜಿತ, ಹಿಂದಿನದು ರಿಜಿಸ್ಟರ್ ಆಗಿದ್ದರೂ ಸರಿ. ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬನಾದರೂ 12ನೇ ಕಂತಿನವರೆಗೆ ಬದುಕಿರಬೇಕು, ಅದನ್ನ ನೋಡಿಕೊಳ್ಳಿ.